ಕೋಟೆಗೋಡೆಯ ಮೊದಲ ಕೈಗುರುತು

"ಕೈ ತೋರಿಸು!"

ದಾರಿಯಾಳ ಕೂಗಿಗೆ ಗೋಡೆಯ ಬುಡದಲ್ಲಿ ಕೂತಿದ್ದವನು ಬೆಚ್ಚಿಬಿದ್ದ. ನೈಲ್ ನದಿಯ ಮೇಲೆ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಅವನ ಎರಡೂ ಅಂಗೈಗಳಿಂದ ಹಸಿ ಮಣ್ಣು ತೊಟ್ಟಿಕ್ಕುತ್ತಿತ್ತು.

ಮಿರ್ಗನಿ! ಅಗೆಯಲು ಬರುವ ಆಳುಗಳಲ್ಲಿ ಅವಳ ಕಣ್ಣು ದಿನಾ ಕದ್ದು ಹುಡುಕುತ್ತಿದ್ದುದು ಇವನನ್ನೇ. ಇವನಾ...?

ಹೂತುಹೋದ ಆ ಪುರಾತನ ನಗರದ ಕೋಟೆಗೋಡೆಯನ್ನು ಪುರಾತತ್ವ ತಜ್ಞೆಯಾದ ಅವಳು ಒಂದು ತಿಂಗಳಿಂದ ಅಗೆಸುತ್ತಿದ್ದಳು. ಎರಡು ದಿನದಿಂದ ಬೆಳಗಾಗುವಷ್ಟರಲ್ಲಿ ಯಾರೋ ಅದಕ್ಕೆ ಹೊಸ ಮಣ್ಣು ಸಾರಿಸಿರುತ್ತಿದ್ದರು. ಮಣ್ಣಿನಲ್ಲಿ ಕೈಗುರುತು ಬೇರೆ!

"ಸತ್ತ ಕಾವಲುಗಾರರು ಕೋಟೆ ರಿಪೇರಿ ಮಾಡ್ಕೋತಿದ್ದಾರೆ ಉಸ್ತಾಜಾ, ನಾವು ಬರಲ್ಲ" ಎಂದು ತಮ್ಮ ಮೇಡಂಗೆ ಹೇಳಿ ಅರ್ಧ ಆಳುಗಳು ಗುದ್ದಲಿ ಇಟ್ಟು ಹೋಗಿದ್ದರು. ಉಳಿದವರೂ ಹೋದರೆ ಅಗೆತ ಅಲ್ಲಿಗೇ ಮುಗಿದಂತೆ.

"ನನ್ನ ಕೆಲಸ ಹಾಳು ಮಾಡೋಕೆ ಎಷ್ಟು ದಿನದಿಂದ ಕಾಯ್ತಿದ್ದೆ?"

"ಹಾಗಲ್ಲ ಉಸ್ತಾಜಾ... ಗೋಡೆನ ಬರಿಮೈಲಿ ಬಿಟ್ರೆ ಗಾಳಿ ತಿಂದ್ಹಾಕುತ್ತೆ. ಅದೂ ಅಲ್ದೆ, ನೀವೇ ಮೊದಲು..."

"ಬಾಯ್ಮುಚ್ಚು! ನಾಳೆಯಿಂದ ಬರಬೇಡ."

ಮಿರ್ಗನಿ ಕೈ ಒರೆಸಿಕೊಂಡು ಎದ್ದ. ಅವನ ಕಣ್ಣು ತುಂಬಿದ್ದನ್ನು ಕಂಡು ಅವಳ ಎದೆ ಚುರುಕ್ಕೆಂದಿತು. ಆದರೂ ಕರೆಯಲಿಲ್ಲ, ಹಟಮಾರಿ!

ಮಧ್ಯಾಹ್ನ ಎದ್ದ ಧೂಳುಗಾಳಿ ಸಂಜೆಗೆ ನಿಂತಿತು. ಅಗೆದ ಗೋಡೆಯೆಲ್ಲ ಪುಡಿಪುಡಿಯಾಗಿ ಉದುರಿತ್ತು. ಮಣ್ಣು ಸಾರಿಸಿದ್ದಷ್ಟು ಮಾತ್ರ ಗಟ್ಟಿಯಾಗಿ ನಿಂತಿತ್ತು!

ದಾರಿಯಾ ಅವನ ಮನೆಗೆ ಓಡಿದಳು.

"ತಪ್ಪಾಯ್ತು ಮಿರ್ಗನಿ. ಆದ್ರೆ ಮೊದಲೇ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಹೇಗೆ ಹೇಳ್ಲಿ? ನಮ್ಮೂರಲ್ಲಿ ಗೋಡೆ ಸಾರಿಸೋದು ಹೆಂಗಸರು. ಗಂಡಸು ಸಾರಿಸೋದು ಒಂದೇ ಸಲ... ತಾನು ಮನಸ್ಸು ಕೊಟ್ಟೋಳ ಕೈಗುರುತಿನ ಪಕ್ಕ." ಅವನು ತಲೆ ತಗ್ಗಿಸಿದ. "ಮೊನ್ನೆ ಗೋಡೆ ಮೇಲೆ ನಿಮ್ಮ ಪುಟ್ಟ ಕೈಗುರುತು ನೋಡಿದೆ, ಅಲ್ಲಿ ಬೇರೆ ಹೆಂಗಸರೇ ಇಲ್ವಲ್ಲ. ಇಷ್ಟು ಓದಿದೋರು ನಮ್ಮ ಗೋಡೆಗೆ ಮಣ್ಣು ಹಚ್ಚಿದ್ದಾರಲ್ಲ ಅಂತ... ಅವತ್ತೇ ಮನಸ್ಸು ಸೋತೆ."

ದಾರಿಯಾ ತನ್ನ ಅಂಗೈ ನೋಡಿಕೊಂಡಳು.

"ಮಿರ್ಗನಿ... ನಾನು ಮಣ್ಣು ಮುಟ್ಟೇ ಇಲ್ಲ."

ಇಬ್ಬರೂ ಗೋಡೆಯ ಹತ್ತಿರ ಬಂದರು. ಅವನ ಅಗಲವಾದ ಕೈಗುರುತುಗಳು ಒಣಗಿ ಬಿರುಕು ಬಿಟ್ಟಿದ್ದವು. ಪಕ್ಕದಲ್ಲೊಂದು ಪುಟ್ಟ ಗುರುತು, ಕಿರುಬೆರಳು ಸೊಟ್ಟ... ಅದು ಮಾತ್ರ ಇನ್ನೂ ಹಸಿ! ಕೆಳಗೆ, ಗಾಳಿ ಉದುರಿಸಿದ ಜಾಗದಲ್ಲಿ, ಸಾವಿರಾರು ವರ್ಷದ ಇಟ್ಟಿಗೆಯ ಮೇಲೂ ಅದೇ ಸೊಟ್ಟ ಕಿರುಬೆರಳು.

"ಅಲ್ಲಾಣೆ... ಹಾಗಾದ್ರೆ ನಾನು ಯಾರಿಗೆ ಮನಸ್ಸು ಕೊಟ್ಟೆ?" ಮಿರ್ಗನಿ ಒಂದು ಹೆಜ್ಜೆ ಹಿಂದೆ ಸರಿದ.

ಇವನನ್ನು ಬಿಟ್ಟುಕೊಡಲಾರೆ... ಯಾರಿಗೂ!

ದಾರಿಯಾ ಹಸಿ ಮಣ್ಣು ಬಾಚಿ, ಅವನ ಗುರುತಿಗೂ ಆ ಪುಟ್ಟ ಗುರುತಿಗೂ ನಡುವೆ ತನ್ನ ಅಂಗೈ ಒತ್ತಿದಳು.

"ಈಗ ಹೇಳು. ಯಾರ ಪಕ್ಕ ಸಾರಿಸ್ತೀಯ?"

ಅವನೂ ಮಣ್ಣು ಬಾಚಿ, ತನ್ನ ಅಂಗೈಯನ್ನು ಅವಳ ಕೈಗೆ ತಾಗಿಸಿ ಗೋಡೆಗೆ ಒತ್ತಿದ. "ನಿಮ್ಮ ಪಕ್ಕ."

ಅವರ ಕಣ್ಣೆದುರೇ ಆ ಪುಟ್ಟ ಗುರುತು, ಅವನನ್ನು ಬಿಟ್ಟುಕೊಟ್ಟಂತೆ, ನಿಧಾನವಾಗಿ ಒಣಗಿ ಬಿರುಕು ಬಿಟ್ಟಿತು.

"ಹೆದರಿಕೆ ಆಯ್ತಾ?" ಮಿರ್ಗನಿ ಕೇಳಿದ.

"ಆಯ್ತು... ಕೈ ಬಿಡಬೇಡ."

"ಬಿಡಲ್ಲ."