ಎಪ್ಪತ್ತು ಎಂದ ದರ್ಪಣ

ಅಸ್ಥಿದರ್ಪಣ ದ್ಯಾಮವ್ವನ ಸೊಂಟದ ಮೇಲೆ ಕಿರಣ ಹಾಯಿಸಿ ‘ಎಪ್ಪತ್ತು’ ಎಂದಿತು. ಊಟದ ತಟ್ಟೆಯಷ್ಟು ಅಗಲದ ಈ ಯಂತ್ರ ಬಂದ ಮೇಲೆ ಗದಗಿನ ಮುದುಕರು ಮೂಳೆಸವೆತ ಅಳೆಸಿಕೊಳ್ಳಲು ಆಸ್ಪತ್ರೆಗೆ ಅಲೆಯುವುದು ತಪ್ಪಿತ್ತು. ಜೊತೆಗೆ ಒಂದು ನಿಯಮವೂ ಬಂದಿತ್ತು. ಮೂಳೆಯ ಗಟ್ಟಿತನದ ಅಂಕ ಅರವತ್ತಕ್ಕಿಂತ ಇಳಿದವರು ರೋಗಿಯನ್ನು ಎತ್ತುವಂತಿಲ್ಲ. ಆ ಕೆಲಸಕ್ಕೆ ಎತ್ತುಯಂತ್ರವೇ ಮನೆಗೆ ಬರುತ್ತದೆ.

ದ್ಯಾಮವ್ವನಿಗೆ ಅದೇ ಭಯ. ಪಾರ್ಶ್ವವಾಯು ಬಡಿದ ಗಂಡ ಫಕೀರಪ್ಪನನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ ಅವನು ಬಲಗೈಯಿಂದ ಅವಳ ಕೊರಳು ಬಳಸುತ್ತಿದ್ದ. ದಿನಕ್ಕೆರಡು ಸಲದ ಆ ಅಪ್ಪುಗೆಯನ್ನು ಯಂತ್ರಕ್ಕೆ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಆದರೆ ದರ್ಪಣ ಹಿಡಿದು ಮನೆಗೆ ಬಂದಿದ್ದ ಅಸ್ಥಿವಿಜ್ಞಾನಿ ಕಸ್ತೂರಿಗೆ ಅನುಮಾನ. ಆರು ತಿಂಗಳ ಹಿಂದೆ ಅರವತ್ತೊಂದು ಇದ್ದದ್ದು ಈಗ ಎಪ್ಪತ್ತೆಂದರೇನು?

“ಅಜ್ಜಿ, ಮೂಳಿ ಗಟ್ಟಿ ಆಗೂ ಪುಡಿ ತಗೋತೀರೇನು?”

“ಅದು ಇವರ ಔಷಧ. ನಾ ಯಾಕ ಮುಟ್ಟಲಿ? ಊಟ ಆದಮ್ಯಾಲೆ ಇವರು ಮಡಚಿ ಕೊಡೂ ಎಲಿ ಅಡಿಕಿ, ಅದೊಂದ ನನ್ನ ಚಟ. ಈಗೀಗ ಅದೂ ಬಾಯಿ ಕೆಂಪಗ ಮಾಡವಲ್ದು.”

ಬಾಯಿ ಕೆಂಪಾದಷ್ಟೂ ಗಂಡನ ಪ್ರೀತಿ ಎಂದು ನಂಬಿದವಳ ದನಿ ಸಣ್ಣಗಾಯಿತು. ಕೆಂಪಾಗಲು ಸುಣ್ಣ ಬೇಕಲ್ಲ ಎಂದು ಕಸ್ತೂರಿಗೆ ಥಟ್ಟನೆ ಹೊಳೆಯಿತು. ಫಕೀರಪ್ಪನ ತಲೆದಿಂಬಿನ ಬಳಿಯಿದ್ದ ಸುಣ್ಣದ ಡಬ್ಬಿ ತೆರೆದಳು. ಒಳಗಿದ್ದದ್ದು ಸುಣ್ಣವಲ್ಲ, ನೀರಲ್ಲಿ ಕಲಸಿದ ಅವನದೇ ಮೂಳೆಯ ಔಷಧ, ಸ್ಟ್ರಾನ್ಷಿಯಂ ಪುಡಿ.

“ನನ್ನ ಎತ್ತಾಕಿ ಆಕಿ. ಗಟ್ಟಿ ಇರಬೇಕಾದ್ದು ಆಕಿ ಮೂಳಿ,” ಎಂದ ಫಕೀರಪ್ಪ, ತಲೆ ಎತ್ತದೆ.

“ಅಜ್ಜಾರ, ಸ್ಟ್ರಾನ್ಷಿಯಂ ಮೂಳ್ಯಾಗ ಕ್ಯಾಲ್ಸಿಯಂ ಜಾಗದಾಗ ಹೋಗಿ ಕೂಡತೈತ್ರಿ. ಅದಕಿಂತ ಇದು ಭಾರ, ಕಿರಣ ಹೆಚ್ಚು ತಡೀತೈತಿ. ಮೂಳಿ ಇದ್ದದ್ದಕಿಂತ ಗಟ್ಟಿ ಐತಿ ಅಂತ ದರ್ಪಣ ಮೋಸ ಹೋಗತೈತಿ.”

ಕಸ್ತೂರಿ ಆ ಭಾರವನ್ನು ಕಳೆದು ಲೆಕ್ಕ ಹಾಕಿದಳು. ಐವತ್ತೇಳು.

ದ್ಯಾಮವ್ವ ಅಂಕವನ್ನು ಕೇಳಿಸಿಕೊಳ್ಳಲೇ ಇಲ್ಲ. “ಎಲಿ ಕೆಂಪಾಗವಲ್ದು ಅಂತ ಆರು ತಿಂಗಳು ಮನಸಿನ್ಯಾಗ ಸಿಟ್ಟು ಇಟಗೊಂಡು ಇವರನ್ನ ಎತ್ತೀನಲ್ಲ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುವಾರ ಎತ್ತುಯಂತ್ರ ಬಂತು. ರೋಗಿ ಹೆದರದಂತೆ ಮನೆಯವರೊಬ್ಬರು ತೀರಾ ಹತ್ತಿರ ನಿಲ್ಲತಕ್ಕದ್ದು ಎಂದು ಕಸ್ತೂರಿ ಚೀಟಿಯಲ್ಲಿ ಬರೆದುಕೊಟ್ಟಳು. ಅಂಥ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ.

ಯಂತ್ರ ಮೇಲಕ್ಕೆತ್ತುತ್ತಿದ್ದಂತೆ ಫಕೀರಪ್ಪ ಬಲಗೈಯಿಂದ ಹೆಂಡತಿಯ ಕೊರಳು ಬಳಸಿದ.

“ಭಾರ ಅನಸ್ತೈತೇನು?”

“ಇಲ್ರೀ,” ಎಂದಳು ದ್ಯಾಮವ್ವ. ಅವಳ ಬಾಯಿ ಕೆಂಪಾಗಿತ್ತು. “ಅದ ಬ್ಯಾಸರ.”