ಮುಂದಿನ ಎಡ ಟಯರು

ಕಾಂತಿ ಆ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ನಕ್ಕದ್ದನ್ನು ನೋಡಿದ ದಿನದಿಂದ ಜತ್ತಪ್ಪನಿಗೆ ಊಟ ಸೇರುತ್ತಿರಲಿಲ್ಲ. ಅವಳು ಪಕ್ಕದ ಮನೆಯಲ್ಲೇ ಇದ್ದ ಅವನ ಸೋದರಮಾವನ ಮಗಳು. ತನಗೇ ಎಂದು ಹತ್ತು ವರ್ಷದಿಂದ ನಂಬಿಕೊಂಡಿದ್ದ. ನಂಬಿದ್ದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಅಷ್ಟರಲ್ಲಿ ಅಕ್ಕಿ ಗಿರಣಿಯ ರುಕ್ಮಯ್ಯ, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ಗೆಳೆಯ, ಕಾಫಿ ತೋಟ ಮಾರಿ ತನ್ನ ದೇಶಕ್ಕೆ ಹೊರಟ ಒಬ್ಬ ದೊರೆಯಿಂದ ಹಳೆಯ ಜಾಗ್ವಾರ್ ಕಾರು ಕೊಂಡು ತಂದ. ಎರಡು ತಿಂಗಳಲ್ಲಿ ಕಾಂತಿಯ ಜೊತೆ ನಿಶ್ಚಿತಾರ್ಥವೂ ಆಯಿತು. ಮಾವ ಕಾರಿಗೆ ಮರುಳಾದ ಎಂದೇ ಜತ್ತಪ್ಪನ ತೀರ್ಮಾನ. ಅವನಿಗೆ ಇದ್ದದ್ದು ಒಂದು ಸೈಕಲ್ಲು ಮತ್ತು ಬಂಟ್ವಾಳ ಪೇಟೆಯಲ್ಲಿ ಒಂದು ಟಯರ್ ಅಂಗಡಿ.

ಆ ಅಂಗಡಿಗೆ ರುಕ್ಮಯ್ಯ ತಾನಾಗಿಯೇ ಬಂದ. ದೊರೆಯ ಕಾಲದ ಟಯರುಗಳು ಬೋಳಾಗಿವೆ, ಮದುವೆಗೆ ಮೊದಲು ನಾಲ್ಕನ್ನೂ ಬದಲಾಯಿಸಬೇಕು, ಯಾವುದು ಒಳ್ಳೆಯದೆಂದು ತನಗೆ ತಿಳಿಯದು ಎಂದ.

"ನೀನೇ ಆರಿಸು ಮಾರಾಯ. ಗಂಟೆಗೆ ನೂರು ಮೈಲಿ ಓಡುವ ಗಾಡಿ ಇದು. ನನ್ನ ಜೀವ ನಿನ್ನ ಕೈಯಲ್ಲಿ ಉಂಟು."

ಇಷ್ಟು ಒಳ್ಳೆಯವನನ್ನು ದ್ವೇಷಿಸುವುದು ಕಷ್ಟ ಎಂದು ಜತ್ತಪ್ಪನಿಗೆ ಅನಿಸಿತು. ಕಾಂತಿಯ ನಗು ನೆನಪಾದ ಮೇಲೆ ಅಷ್ಟು ಕಷ್ಟ ಅನಿಸಲಿಲ್ಲ.

ಆರಿಸುವುದರಲ್ಲಿ ಅವನು ಅವಸರ ಮಾಡಲಿಲ್ಲ. ಊರಿನ ಬಾಡಿಗೆ ಕಾರುಗಳಿಗೆ ಹಾಕುವ ಟಯರು ಈ ವೇಗಕ್ಕೆ ತಡೆಯದು ಎಂದು ತಾನೇ ವಿವರಿಸಿ ಹೇಳಿ, ಬೊಂಬಾಯಿಯಿಂದ ವೇಗದ ಗಾಡಿಯ ಟಯರು ತರಿಸಿದ. ಮೂರನ್ನು ಪ್ರಾಮಾಣಿಕವಾಗಿ ಹಾಕಿದ. ನಾಲ್ಕನೆಯದರ ಬದಲಿಗೆ ಅದೇ ಕಂಪೆನಿಯ ಒಂದು ಹಳೆಯ ಟಯರಿಗೆ ಮೇಲೆ ಹೊಸ ರಬ್ಬರು ಕೂರಿಸಿ, ಒಳಗಿನ ಕ್ಯಾನ್ವಾಸಿನ ಎರಡು ಪದರವನ್ನು ಗೇಣುದ್ದ ಕೊಯ್ದು, ತೇಪೆ ಅಂಟಿಸಿ, ಕಪ್ಪು ಬಣ್ಣ ಬಳಿದ. ಅದು ಮುಂದಿನ ಎಡಗಡೆಗೆ. ನಲವತ್ತು ಮೈಲಿಯ ವೇಗದವರೆಗೆ ಅದು ಸಾಧುಪ್ರಾಣಿ. ಎಪ್ಪತ್ತರಲ್ಲಿ ನಾಲ್ಕು ನಿಮಿಷ ಓಡಿದರೆ ಕಾದು, ಸಿಪ್ಪೆ ಸುಲಿದು, ಸಿಡಿಯುತ್ತದೆ. ಕಾರು ಎಡಕ್ಕೆ ಎಳೆಯುತ್ತದೆ, ಎಡಕ್ಕೆ ಸಾಲುಮರ. ಆಮೇಲೆ ಚೂರುಚೂರಾದ ಟಯರನ್ನು ನೋಡಿ ಹೇಳಲು ಪೊಲೀಸರು ಯಾರನ್ನು ಕರೆಯುತ್ತಾರೆ? ಪೇಟೆಯಲ್ಲಿ ಟಯರು ಬಲ್ಲವನು ಅವನೊಬ್ಬನೇ. ಪೊಲೀಸರು ಕರೆಯುವ ದಿನ ಹಾಕಿಕೊಳ್ಳಲು ಒಂದು ಬಿಳಿ ಅಂಗಿಯನ್ನೂ ಒಗೆಸಿಟ್ಟ.

ಒಂದೇ ತೊಡಕು ಉಳಿದಿತ್ತು. ಹೊಸ ಟಯರ್ ಹಾಕಿದ ಗಾಡಿಯ ಮೊದಲ ಓಟದಲ್ಲಿ ಹಾಕಿದವನೇ ಪಕ್ಕದಲ್ಲಿ ಕೂರುವುದು ಈ ಕಡೆಯ ರೂಢಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬೆಳ್ತಂಗಡಿಯವರೆಗೆ ಹೋಗಿ ವೇಗ ನೋಡುವ ಎಂದ ರುಕ್ಮಯ್ಯ. ಬೇಡವೆಂದರೆ ಸಂಶಯ, ಬಂದರೆ ಸಾವು. ಜತ್ತಪ್ಪ ಬರುತ್ತೇನೆ ಎಂದ.

ಭಾನುವಾರ ಏಳು ಗಂಟೆಗೆ ಅವನು ಹೊಟ್ಟೆ ಹಿಡಿದುಕೊಂಡು ಜಗಲಿಯಲ್ಲಿ ಬಿದ್ದ. ಮೂರು ದಿನ ಅಭ್ಯಾಸ ಮಾಡಿದ ನರಳಾಟ ಅದು. ಬೆವರು ಕಾಣಲೆಂದು ಹಣೆಗೆ ನೀರು ಚಿಮುಕಿಸಿಕೊಂಡಿದ್ದ. ತನಗೆ ಬರಲಾಗುವುದಿಲ್ಲ, ರುಕ್ಮಯ್ಯ ಒಬ್ಬನೇ ಹೋಗಿ ಬರಲಿ ಎಂದು ಹೇಳಿ ಕಳಿಸಲು ತಾಯಿ ಸೇಸಮ್ಮನಿಗೆ ಹೇಳಿದ. ಅವಳು ಅಳುತ್ತಾ ಪಕ್ಕದ ಮನೆಗೆ ಓಡಿದಳು. ಅವಳ ಗಂಡ ಹೀಗೆಯೇ ಹೊಟ್ಟೆನೋವೆಂದು ಮಲಗಿದವನು ಮತ್ತೆ ಎದ್ದಿರಲಿಲ್ಲ. ಜತ್ತಪ್ಪ ಕಣ್ಣು ಮುಚ್ಚಿ, ಕಾರು ಬೆಳ್ತಂಗಡಿ ಕಡೆ ಹೋಗುವ ಸದ್ದಿಗೆ ಕಾದ.

ಸದ್ದು ಬಂತು. ದೂರ ಹೋಗುವ ಬದಲು ಹತ್ತಿರ ಬಂದು ಅಂಗಳದಲ್ಲಿ ನಿಂತಿತು. ಅಷ್ಟೆಲ್ಲ ಯೋಚಿಸಿದವನು ಇದೊಂದನ್ನು ಯೋಚಿಸಿರಲಿಲ್ಲ: ಊರಿನಲ್ಲಿ ಯಾರಿಗೆ ಜೋರು ಕಾಯಿಲೆಯಾದರೂ ಜನ ಮೊದಲು ಓಡುವುದು ಕಾರಿದ್ದವನ ಮನೆಗೆ. ಸುದ್ದಿ ಹೊತ್ತು ಓಡಿದವಳು ಪಕ್ಕದ ಮನೆಯ ಕಾಂತಿ. ನೋವು ಹೋಯಿತು ಎಂದು ಅವನು ಕೂಗುತ್ತಿದ್ದಂತೆಯೇ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವನ ಅಪ್ಪನೂ ಕೊನೆಗೆ ಹಾಗೆಯೇ ಹೇಳಿದ್ದರು ಎಂದು ಸೇಸಮ್ಮ ಅವನ ತಲೆಯನ್ನು ಮಡಿಲಲ್ಲಿ ಒತ್ತಿ ಹಿಡಿದಳು. ಮುಂದೆ ಕಾಂತಿ ಕುಳಿತಳು. ಕಾರು ಮಂಗಳೂರಿನ ಆಸ್ಪತ್ರೆಯ ದಾರಿ ಹಿಡಿಯಿತು. ನಿಧಾನ ಹೋಗು, ನಿಧಾನ ಹೋಗು ಎಂದು ಜತ್ತಪ್ಪ ಬೇಡಿದ. ಯಾಕೆಂದು ಹೇಳಿದರೆ ನೇಣು, ಹೇಳದಿದ್ದರೆ ಸಾಲುಮರ. ರುಕ್ಮಯ್ಯ ಹಿಂದೆ ತಿರುಗದೆ ಧೈರ್ಯ ಹೇಳಿದ, "ಅಲುಗಾಡ್ತದೆ ಅಂತ ಹೆದರಬೇಡ ಜತ್ತಪ್ಪ, ನೀನೇ ಆರಿಸಿದ ಟಯರಲ್ವಾ? ಇವತ್ತು ಎಂಬತ್ತರಲ್ಲಿ ಹೋಗುವ."