ಶ್ರಾವಣದ ಬರಿಗಾಲು

ಹೊಸ ಚಪ್ಪಲಿ ಕಚ್ಚಿ ಶಿವಾನಂದನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ಹಿರೇಕೆರೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಅದನ್ನು ಒತ್ತಿ ನೋಡಿಕೊಳ್ಳುತ್ತಿದ್ದ. ಸಮತಾ ದೂರದಲ್ಲೇ ನಿಂತುಬಿಟ್ಟಳು. ಗುಳ್ಳೆ ಅವನ ಕಾಲಿಗೆ, ಉರಿ ಅವಳಿಗೆ.

ಇಬ್ಬರೂ ಅದೇ ಊರಿನ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್‌ಗಳು. ಅವಳದು ರಾಜ್ಯಶಾಸ್ತ್ರ, ಅವನದು ಫಿಸಿಕ್ಸ್. ದೇವರು ದಿಂಡರು ಅಂದರೆ ಮೂಗು ಮುರಿಯುವವಳು ಅವಳು. ವಿಭೂತಿ ಹಚ್ಚದೆ ಹೊಸ್ತಿಲು ದಾಟದವನು ಅವನು. ಎಣ್ಣೆ ಸೀಗೇಕಾಯಿ ಎಂದು ಸ್ಟಾಫ್‌ರೂಮು ನಗುತ್ತಿತ್ತು. ಆದರೆ ಟೀ ಬಂದಾಗ ಅವಳ ಕಪ್ಪನ್ನು ಅವನೇ ಎತ್ತಿಕೊಡುತ್ತಿದ್ದ. ಬೆರಳು ತಾಕಿದರೆ ಇಬ್ಬರಿಗೂ ಕಿಟಕಿಯಾಚೆ ಏನೋ ನೋಡುವುದಿರುತ್ತಿತ್ತು.

ಶ್ರಾವಣ ಹಿಡಿದ ದಿನ ಅವನು ಬರಿಗಾಲಲ್ಲಿ ಬಂದಿದ್ದ.

“ಏನ್ರಿ ಸರ್, ಫಿಸಿಕ್ಸ್ ಪಾಠ ಬರಿಗಾಲಿಲೇನು?”

“ಗುರುತ್ವಾಕರ್ಷಣೆ ನೆಟ್ಟಗ ಹತ್ತತೈತ್ರಿ ಮೇಡಂ. ನಡುವ ರಬ್ಬರ್ ಯಾಕ?”

“ಹರಕಿ ಏನ್ರಿ?”

“ಹರಕಿ ಗಿರಕಿ ಏನಿಲ್ಲ. ಶ್ರಾವಣದಾಗ ಹಿಂಗ ಇರ್ತೇನಿ, ಅಷ್ಟ.” ಕಣ್ಣಲ್ಲೇ ನಕ್ಕ. “ನೀವು ನನ್ನ ಕಾಲು ಬಾಳ ನೋಡಾಕತ್ತೀರಿ. ಮಾರೀನೂ ಐತಿ, ನೋಡ್ರಿ.”

ಅವಳು ಅಟೆಂಡೆನ್ಸ್ ಪುಸ್ತಕ ಮುಖಕ್ಕೆ ಅಡ್ಡ ಹಿಡಿದಳು. ಅದು ತಲೆಕೆಳಗಾಗಿತ್ತು.

ಆಮೇಲೆ ಬಂತು ಆಗಸ್ಟ್ ಹದಿನೈದು. ಭಾಷಣ ಅವಳದು, ವಿಷಯ ಸ್ವಾತಂತ್ರ್ಯ. “ಬ್ರಿಟಿಷರು ಹೋದರು, ತಲೆಯೊಳಗಿನ ಬೇಡಿ ಹೋಗಲಿಲ್ಲ. ಫಿಸಿಕ್ಸ್ ಓದಿದವರೇ ಬರಿಗಾಲಲ್ಲಿ ತಿರುಗುವಾಗ ಯಾರಿಗೆ ಹೇಳಬೇಕು?” ಎಂದುಬಿಟ್ಟಳು. ಮೈದಾನಕ್ಕೆ ಮೈದಾನವೇ ತಿರುಗಿ ಅವನ ಕಾಲು ನೋಡಿತು. ಯಾರೋ ಸಿಳ್ಳೆ ಹೊಡೆದರು. ಅವನು ಒಂದು ಪಾದವನ್ನು ಇನ್ನೊಂದರ ಹಿಂದೆ ಸರಿಸಿಕೊಂಡ. ಅವಳು ಅದನ್ನು ನೋಡಿದಳು, ನೋಡಿಯೂ ನಿಲ್ಲಿಸಲಿಲ್ಲ. ಚಪ್ಪಾಳೆ ಅಷ್ಟು ರುಚಿಯಾಗಿತ್ತು.

ಮರುದಿನ ಅವನು ಚಪ್ಪಲಿ ಹಾಕಿಕೊಂಡು ಬಂದ. ಅಂದಿನಿಂದ ಅವಳ ಟೀ ಮೇಜಿನ ಮೇಲೇ ಆರುತ್ತಿತ್ತು.

ಈಗ ಹೋಗಿ ಬೆಂಚಿನ ತುದಿಗೆ ಕುಳಿತಳು. “ತಪ್ಪಾತ್ರಿ.”

“ಏನು ತಪ್ಪು? ಬೇಡಿ ಬಿಚ್ಚೀರಲ್ಲ.” ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. “ಹುಡುಗರು ‘ಬೇಡಿ ಸರ್’ ಅಂತ ಕೂಗ್ತಾರ. ಪಾಠ ನಡೀಬೇಕಲ್ಲ, ಹಾಕ್ಕೊಂಡೆ.”

“ಯಾಕ ಬರಿಗಾಲು ಅಂತ ಒಂದ ಮಾತು ಹೇಳಿದ್ರ ನಾ ಹಂಗ ಅಂತಿರಲಿಲ್ರಿ.”

“ಚಲೋ ಕಾರಣ ಇದ್ರ ಪರವಾನಗಿ ಕೊಡ್ತಿದ್ರಿ, ಇಲ್ಲಂದ್ರ ಇಲ್ಲ. ಅದೆಂಥಾ ಸ್ವಾತಂತ್ರ್ಯರಿ ಮೇಡಂ?”

ರಾಜ್ಯಶಾಸ್ತ್ರದ ಮೇಡಂ ತನ್ನ ಚಪ್ಪಲಿ ನೋಡಿಕೊಂಡಳು.

“ನಮ್ಮಜ್ಜ ನಮ್ಮೂರ ದೊಡ್ಡ ಓಣ್ಯಾಗ ಚಪ್ಪಲಿ ಕೈಯಾಗ ಹಿಡಕೊಂಡು ನಡೀತಿದ್ದ. ಕಾಲಾಗ ಹಾಕ್ಕೊಂಡ್ರ ಮ್ಯಾಲಿನ ಜಾತಿಯವ್ರು ಹೊಡೀತಿದ್ರು, ನಮ್ಮ ಜಾತಿಯವ್ರು ಹಾಕಬಾರದು ಅಂತ. ಬರಿಗಾಲು ಕಂಡ್ರ ನನಗ ಅದ ಕಾಣತೈತಿ. ಆ ಸಿಟ್ಟು ತಂದು ನಿಮ್ಮ ಮ್ಯಾಲೆ ಹಾಕಿದೆ. ಅದೂ ಜೀವಕ್ಕಿಂತ ಹೆಚ್ಚು ಹಚ್ಕೊಂಡ ಮನಷ್ಯಾನ ಮ್ಯಾಲೆ.”

ಕೊನೆಯ ಮಾತು ಅವಳಿಗೆ ಗೊತ್ತಿಲ್ಲದೆ ಜಾರಿತ್ತು. ಶಿವಾನಂದ ಗುಳ್ಳೆಯಿಂದ ಕೈ ತೆಗೆದ.

“ಹೊಡದವ್ರು ನಮ್ಮಂಥಾ ಮನಿಯವ್ರ ಇರಬೇಕು,” ಎಂದ. “ನಾ ಆರಾಮಾಗಿ ಬರಿಗಾಲಿಲೆ ಅಡ್ಡಾಡಿದೆ. ಯಾರ ಕಣ್ಣಿಗೆ ಹೆಂಗ ಚುಚ್ಚತೈತಿ ಅಂತ ಒಮ್ಮೇನೂ ವಿಚಾರ ಮಾಡಲಿಲ್ಲ.” ಆಮೇಲೆ ಮೆಲ್ಲಗೆ, “ಕಡೀ ಮಾತು ಇನ್ನೊಮ್ಮೆ ಹೇಳ್ರಿ,” ಎಂದ.

“ಬಸ್ ಬಂತ್ರಿ.”

“ಬರಲಿ. ಇನ್ನೊಂದು ಬರತೈತಿ.”

ಅವಳು ಹೇಳಿದಳು. ಅವನು ಚಪ್ಪಲಿ ಕಳಚಿ ಚೀಲಕ್ಕೆ ಹಾಕಿಕೊಂಡ. “ನಿಮ್ಮಜ್ಜನ್ನ ನೋಡಬೇಕು. ಕರಕೊಂಡು ಹೋಗ್ತೀರಿ?”

ಭಾನುವಾರ ಹಾನಗಲ್ ಬಸ್ಸಿಗೆ ಹೋಗಿ, ಅಡ್ಡದಾರಿಯಲ್ಲಿ ಇಳಿದು ಅವಳ ಊರಿಗೆ ನಡೆದರು. ದೊಡ್ಡ ಓಣಿಯ ಬಾಯಿಗೆ ಬಂದಾಗ ಸಮತಾ ಅವನ ಗುಳ್ಳೆ ನೋಡಿದಳು. ತಾಳಲಾರದೆ ಬಗ್ಗಿ ತನ್ನ ಚಪ್ಪಲಿಯ ಬಕಲಿಗೆ ಕೈ ಹಾಕಿದಳು.

“ಬ್ಯಾಡ,” ಎಂದ ಶಿವಾನಂದ. “ಈ ಓಣ್ಯಾಗ ನೀವು ಬಿಚ್ಚಬ್ಯಾಡ್ರಿ.”

ಕಟ್ಟೆಯ ಮೇಲಿನ ಮಾತುಗಳು ನಿಂತವು. ಓಣಿಯುದ್ದಕ್ಕೂ ಅವಳ ಚಪ್ಪಲಿ ಟಪಟಪ ಸದ್ದು ಮಾಡಿತು. ಪಕ್ಕದಲ್ಲಿ ಅವನ ಹೆಜ್ಜೆ ಕೇಳಿಸಲೇ ಇಲ್ಲ.

ಅಜ್ಜ ಗಿರಿಯಪ್ಪ ಬಾಗಿಲಲ್ಲಿ ಕುಳಿತಿದ್ದ. ಮೊಮ್ಮಗಳು ಸಂಗಡ ಯಾರನ್ನೋ ಕರೆತಂದದ್ದು ನೋಡಿ ನಕ್ಕ. ಹುಡುಗನ ಕಾಲು ಕಂಡದ್ದೇ ನಗು ಹೋಯಿತು. ಕೋಲೂರಿ ಎದ್ದು ಅವನ ರಟ್ಟೆ ಹಿಡಿದ.

“ಯಾರು ಬಿಚ್ಚಿಸಿದ್ರೋ ತಮ್ಮಾ?”

“ಯಾರೂ ಬಿಚ್ಚಿಸಿಲ್ರಿ ಅಜ್ಜ. ನಾನ ಬಿಟ್ಟೇನಿ.”

“ಹಾಕ್ಕೋಬೇಕು ಅನಿಸಿದ್ರ?”

“ಚೀಲದಾಗ ಅದಾವ್ರಿ.”

ಅಜ್ಜ ಚೀಲ ತೆರೆಸಿ ನೋಡಿದ. ಚಪ್ಪಲಿ ಇದ್ದವು. “ಹಂಗಾರ ಆತು,” ಎಂದು ರಟ್ಟೆ ಬಿಟ್ಟ. “ಕುಂದ್ರು. ಸಮತಾ, ನೀರು ತಾರವ್ವ.”

ನೀರು ತರಲು ಒಳಗೆ ಹೋದ ಸಮತಾ ಕೊಡದಲ್ಲಿ ತಂಬಿಗೆ ಅದ್ದಿದಳು. ಅಷ್ಟು ಮಂದಿಯ ಮುಂದೆ ಮೈಕ್ ಹಿಡಿಯುವ ಮೊದಲು ಯಾರಾದರೂ ಬಿಚ್ಚಿಸಿದರಾ ಎಂಬ ಅಜ್ಜನ ಈ ಒಂದು ಮಾತನ್ನು ತಾನೂ ಕೇಳಬಹುದಿತ್ತು.

ತಂಬಿಗೆಯನ್ನು ಶಿವಾನಂದನೇ ಇಸಿದುಕೊಂಡು ಕಾಲಿಗೆ ನೀರು ಹಾಕಿಕೊಂಡ. ಗುಳ್ಳೆ ಒಡೆದಿತ್ತು. ಹಲ್ಲು ಕಚ್ಚಿದ.

“ಉರೀತೈತೇನು?” ಮೊದಲ ಸಲ ಅವಳ ಮಾತಿನಲ್ಲಿ ‘ರಿ’ ಇರಲಿಲ್ಲ.

“ನಿನಗ?”

“ಬಾಳ.”

ಅವಳು ನೋಡುತ್ತಲೇ ಇದ್ದಳು. ಈ ಸಲ ಅವನು ಕಾಲು ಹಿಂದಕ್ಕೆ ಸರಿಸಿಕೊಳ್ಳಲಿಲ್ಲ.